ಒಗ್ಗರಣೆ ಇಲ್ಲದ ಸಾರು

ನಮ್ಮ ಕಾಸರಗೋಡಿನಲ್ಲಿ, ಹಡಗಿನ ಕೆಲಸಕ್ಕೆ ಹೋದವರಿರುವ ಮನೆಗಳಲ್ಲಿ ಒಂದು ಕ್ರಮವಿದೆ. ಮನೆಯಲ್ಲಿ ಸಾವಾದರೆ ನೀರಿನ ಮೇಲಿರುವವನಿಗೆ ತಿಳಿಸುವುದಿಲ್ಲ. ಹಡಗು ಬಂದರಿಗೆ ಬರಬೇಕು, ವಿಮಾನದ ಟಿಕೆಟು ಅವನ ಕೈಗೆ ಸಿಗಬೇಕು, ಸುದ್ದಿ ಆಮೇಲೆ. ಇದೆಂಥ ಕಲ್ಲೆದೆ ಎಂದು ಕೇಳಿದವರು ಅನ್ನುತ್ತಾರೆ. ಅನ್ನಲಿ, ದಡದಲ್ಲಿ ಕುಳಿತವರಿಗೆ ಬಾಯಿಗೇನು ಬರ! ಹಿಂದೆ ನಾನಿದ್ದ ಒಂದು ಹಡಗಿನಲ್ಲಿ, ತಂದೆ ತೀರಿದ ಸುದ್ದಿಯನ್ನು ನಡುಸಮುದ್ರದಲ್ಲಿ ಕೇಳಿದವನೊಬ್ಬ ಮರುದಿನ ಬೆಳಿಗ್ಗೆ ಕೆಲಸಕ್ಕೆ ಬರಲಿಲ್ಲ. ಹುಡುಕಿದರೆ ಹಿಂಬದಿಯ ಕಂಬಿಯ ಹತ್ತಿರ ಅವನ ಚಪ್ಪಲಿ ಮಾತ್ರ ಇತ್ತು. ಅಂದಿನಿಂದ ನಾನೂ ಈ ಕ್ರಮದ ಪರವೇ.

ನಾನು ಹಡಗಿನಲ್ಲಿ ಅಡುಗೆಯವನು, ಮನೆ ಕುಂಜತ್ತೂರಿನಲ್ಲಿ. ಆ ಸಲ ಬ್ರೆಜಿಲಿನಲ್ಲಿ ಕಬ್ಬಿಣದ ಅದಿರು ತುಂಬಿಸಿ ಚೀನಾಕ್ಕೆ ಹೊರಟಿದ್ದೆವು. ಆಫ್ರಿಕದ ತುದಿ ಸುತ್ತಿ ಬರುವ ದಾರಿ. ಎಣ್ಣೆ ತುಂಬಿಸಲು ಸಿಂಗಾಪುರದಲ್ಲಿ ನಿಲ್ಲುವವರೆಗೆ ನೀರು ಬಿಟ್ಟರೆ ಮತ್ತೇನೂ ಕಾಣುವುದಿಲ್ಲ. ಹೊರಟ ಸ್ವಲ್ಪದರಲ್ಲೇ ಹಡಗಿನ ಇಂಟರ್ನೆಟ್ ಕೆಟ್ಟಿತು. ಕ್ಯಾಪ್ಟನ್ನರ ಇಮೇಲ್ ಒಂದು ನಡೆಯುತ್ತಿತ್ತು, ಉಳಿದವರೆಲ್ಲ ಕಿವುಡರು.

ಹಡಗಿನಲ್ಲಿ ನನ್ನ ಊರಿನ ಕಡೆಯವನೆಂದರೆ ಬೋಸನ್ ಒಬ್ಬನೇ. ಡೆಕ್ಕಿನ ಕೆಲಸದವರಿಗೆಲ್ಲ ಮೇಸ್ತ್ರಿ, ಎಡನೀರಿನವನು, ನನ್ನದೇ ಪ್ರಾಯ. ಮನೆಯಲ್ಲಿ ಹೆಂಡತಿ, ಸೊಂಟ ಮುರಿದು ಹಾಸಿಗೆ ಹಿಡಿದ ತಾಯಿ, ಪ್ಲಸ್ ಟೂ ಓದುವ ಒಬ್ಬಳೇ ಮಗಳು. ಪ್ರತಿ ಸಲ ಒಂದು ಬಾಟಲಿ ಒಣ ಸಿಗಡಿ ಚಟ್ನಿ ತರುತ್ತಿದ್ದ. ಅಜ್ಜಿ ಮಲಗಿದಲ್ಲಿಂದಲೇ ಅಳತೆ ಹೇಳುವುದು, ಮೊಮ್ಮಗಳು ಹುರಿದು ಅರೆಯುವುದು. ಆ ಬಾಟಲಿಯನ್ನು ನನ್ನ ಅಡುಗೆಮನೆಯಲ್ಲಿಟ್ಟು, ಮಧ್ಯಾಹ್ನ ಊಟಕ್ಕೆ ಬಂದವನೇ ಕೇಳುತ್ತಿದ್ದ. ನನ್ನ ಅಡುಗೆಗೆ ಅದು ಅವಮಾನ ಎಂದು ನಾನು ಬೈಯುವುದು, ಅವನು ನಗುವುದು.

ಆಫ್ರಿಕ ದಾಟಿದ ಮೇಲೆ ಒಂದು ಬೆಳಿಗ್ಗೆ ಕ್ಯಾಪ್ಟನ್ ನನ್ನನ್ನು ಕರೆಸಿದರು. ಉತ್ತರದವರು, ಒಳ್ಳೆಯ ಮನುಷ್ಯ, ಆದರೆ ಕಷ್ಟದ ಮಾತಿಗೆ ಬಾಯಿ ಇಲ್ಲದವರು. ಬೋಸನ್ನನ ಮಗಳು ತೀರಿಕೊಂಡಿದ್ದಾಳೆ ಎಂದರು. ಇಲಿಜ್ವರ, ಜ್ವರವೆಂದು ಮಲಗಿದವಳು ಏಳಲಿಲ್ಲ. ಸಿಂಗಾಪುರದಲ್ಲಿ ಅವನನ್ನು ಇಳಿಸಲು ಕಂಪೆನಿ ಒಪ್ಪಿದೆ, ಅಲ್ಲಿಯವರೆಗೆ ಹೇಳಬಾರದೆಂದು ಮನೆಯವರು ಬೇಡಿಕೊಂಡಿದ್ದಾರೆ. "ನಿನ್ನ ಊರಿನವನಲ್ಲವೇ, ಒಂದು ಕಣ್ಣಿಟ್ಟಿರು" ಎಂದು ಹಿಂದಿಯಲ್ಲಿ ಹೇಳಿ ಕಿಟಕಿಯ ಕಡೆ ತಿರುಗಿದರು. ಮೇಲಿನವರಿಗೆ ಹೊರಲಾಗದ ಹೊರೆ ಬಂದಾಗ ಅಡುಗೆಯವನ ನೆನಪಾಗುತ್ತದೆ.

ಕೆಳಗೆ ಬಂದಾಗ ಒಲೆಯ ಮೇಲೆ ಮೀನಿನ ಸಾರು ಕುದಿಯುತ್ತಿತ್ತು. ಊಟದ ಹೊತ್ತಿಗೆ ಬೋಸನ್ ತಟ್ಟೆ ಹಿಡಿದು ಬಂದು ನಿಂತ. ಮಗಳು ಸತ್ತ ಸೂತಕದವನ ತಟ್ಟೆಗೆ ಮೀನು ಬಡಿಸಲು ನನ್ನ ಕೈ ಏಳಲಿಲ್ಲ. ಮೀನು ಯಾಕೋ ವಾಸನೆ ಬರುತ್ತಿದೆ, ನಿನ್ನ ಹೊಟ್ಟೆಗೆ ಆಗಲಿಕ್ಕಿಲ್ಲ ಎಂದು ಬೇಳೆ ಬಡಿಸಿದೆ. ಚಟ್ನಿ ಕೇಳಿದ. ಬೂಸಲು ಹಿಡಿದಿತ್ತು, ಎಸೆದೆ ಎಂದೆ.

"ಎಸೆದದ್ದಾ? ನನ್ನ ಮಗಳು ಮಾಡಿದ ಚಟ್ನಿ! ನಿನಗೆ ತಲೆ ಸರಿ ಉಂಟಾ ಮಾರಾಯ?" ಎಂದು ಎಲ್ಲರೆದುರು ಕೂಗಾಡಿದ. ಬಾಟಲಿ ನನ್ನ ಕಾಲ ಬುಡದ ಕಪಾಟಿನಲ್ಲೇ ಇತ್ತು.

ಅಷ್ಟಕ್ಕೆ ನಿಲ್ಲಿಸಿದ್ದರೆ ಆಗುತ್ತಿತ್ತು. ಆದರೆ ಅಭ್ಯಾಸವಾದ ಕೈ ನೋಡಿ, ಅದು ನನ್ನನ್ನು ಕೇಳಿ ಕೆಲಸ ಮಾಡುವುದಿಲ್ಲ. ಸಾವಿನ ಮನೆಯಲ್ಲಿ ಬೊಜ್ಜ ಎನ್ನುವ ಉತ್ತರಕ್ರಿಯೆ ಕಳೆಯುವವರೆಗೆ ಮೀನಿಲ್ಲ, ಒಗ್ಗರಣೆಯೂ ಇಲ್ಲ. ಚಿಕ್ಕಂದಿನಿಂದ ಕಂಡದ್ದು. ಅವನ ಪಾಲಿನ ಸಾರನ್ನು ಬೇರೆ ಪಾತ್ರೆಗೆ ತೆಗೆದಿಟ್ಟು, ಆಮೇಲೆ ಉಳಿದವರದ್ದಕ್ಕೆ ಸಾಸಿವೆ ಸಿಡಿಸುತ್ತಿದ್ದೆ. ಹಡಗಿನಲ್ಲಿ ಬೇರೆ ಯಾರಿದ್ದರೂ ಅದು ತಿಳಿಯುತ್ತಿರಲಿಲ್ಲ, ಪೆದ್ದ ಅಡುಗೆಯವ ಎಂದು ಬೈದು ಉಣ್ಣುತ್ತಿದ್ದರು. ಎಡನೀರಿನವನಿಂದ ಅದನ್ನು ಮುಚ್ಚಿಡಲು ಹೊರಟ ನನ್ನ ಬುದ್ಧಿಗೆ ಏನೆನ್ನಲಿ.

ಒಂದು ಮಧ್ಯಾಹ್ನ ಎಲ್ಲರೂ ಉಂಡು ಹೋದ ಮೇಲೆ ಅವನು ಒಳಗೆ ಬಂದು ಬಟಾಟೆ ಚೀಲದ ಮೇಲೆ ಕುಳಿತ. ಹಡಗು ಜೋರಾಗಿ ಹೊಯ್ದಾಡುತ್ತಿತ್ತು, ಪಾತ್ರೆಗಳು ಒಂದಕ್ಕೊಂದು ಬಡಿಯುತ್ತಿದ್ದವು.

"ನನಗೆ ಮೀನು ಇಲ್ಲ, ಚಟ್ನಿ ಇಲ್ಲ. ಸಾರಿಗೆ ಒಗ್ಗರಣೆ ಸಹ ಇಲ್ಲ" ಎಂದ. "ಅಮ್ಮ ಹೋದ್ರಲ್ಲಾ?"

ಇಲ್ಲ ಎಂದರೆ ಮುಂದಿನ ಪ್ರಶ್ನೆ ಮತ್ತೆ ಯಾರು ಎಂಬುದು. ಒಲೆಯ ಕಡೆ ತಿರುಗಿ ನಿಂತೆ. ಆ ಬೆನ್ನನ್ನು ನೋಡಿ ಅವನು ಉತ್ತರ ತೆಗೆದುಕೊಂಡ.

"ನೀನು ಬೇಸರ ಮಾಡ್ಬೇಡ" ಎಂದು ನನಗೇ ಸಮಾಧಾನ ಹೇಳಿದ. "ಎಷ್ಟು ವರ್ಷ ಅಂತ ಹಾಸಿಗೆಯಲ್ಲಿ ಒದ್ದಾಡುದು? ಪುಣ್ಯವಂತೆ, ಬಿಡುಗಡೆ ಆಯ್ತು. ಕ್ಯಾಪ್ಟನಿಗೆ ಹೇಳ್ಬೇಡ ನನಗೆ ಗೊತ್ತುಂಟು ಅಂತ. ನಿನಗೆ ಬೈತಾರೆ." ಆಮೇಲೆ ಮುಖ ಮುಚ್ಚಿಕೊಂಡು ಅತ್ತ. ಅತ್ತು ಮುಗಿದ ಮೇಲೆ ಚಹಾ ಕೇಳಿ ಕುಡಿದ. ನನಗೆ ಆ ಚಹಾ ಕುಡಿದದ್ದೇ ದೊಡ್ಡದಾಗಿ ಕಂಡಿತು. ಇವನು ಉಣ್ಣುತ್ತಾನೆ, ಮಲಗುತ್ತಾನೆ, ಕಂಬಿಯ ಹತ್ತಿರ ಹೋಗುವುದಿಲ್ಲ. ಮುದಿ ತಾಯಿಯ ಸಾವು ಗಂಡಸು ಹೊರಬಲ್ಲ ಹೊರೆ. ಸಿಂಗಾಪುರದವರೆಗೆ ಇದೇ ಇರಲಿ ಎಂದುಕೊಂಡೆ.

ಮರುದಿನ ರೇಜರ್ ತಂದು ತಲೆ ಬೋಳಿಸು ಎಂದ. ಹಿರಿಯ ಮಗ, ತಾಯಿಗೆ ಅಷ್ಟಾದರೂ ಆಗಬೇಕು ಎಂಬುದು ಅವನ ಮಾತು. ಅತ್ತ ತಾಯಿ ಎಡನೀರಿನಲ್ಲಿ ಉಸಿರಾಡುತ್ತಿದ್ದಾಳೆ, ಇತ್ತ ಮಗ ಅವಳ ಹೆಸರಿನಲ್ಲಿ ತಲೆ ಬಗ್ಗಿಸಿ ಕುಳಿತಿದ್ದಾನೆ. ನಿಜವಾಗಿ ಹೋದವಳಿಗೋ, ಅಪ್ಪ ತಲೆ ಕೊಡುವ ಕ್ರಮವೇ ಇಲ್ಲ. ಕಿರಿಯರು ಸತ್ತರೆ ಹಿರಿಯರು ಬೋಳಿಸುವುದಿಲ್ಲ. ಆದರೂ ಬೋಳಿಸಿದೆ. ಕಿವಿಯ ಹಿಂದೆ ಗಾಯವಾಗಿ ರಕ್ತ ಬಂತು. ಹಡಗಿನಲ್ಲಿ ಬೋಳುತಲೆಗಳಿಗೆ ಬರವಿಲ್ಲ, ಯಾರೂ ಏನೂ ಕೇಳಲಿಲ್ಲ.

ಬೊಜ್ಜದ ದಿನವನ್ನು ಅವನೇ ಅಂದಾಜು ಮಾಡಿಕೊಂಡ. ತಟ್ಟೆಯಲ್ಲಿ ಅನ್ನ ಹಿಡಿದು ಹಿಂಬದಿಗೆ ಹೋದಾಗ ನಾನೂ ಬೆನ್ನಿಗೆ ಹೋದೆ. "ಕಾಗೆ ಎಲ್ಲಿಂದ ತರುದು? ಮೀನಾದ್ರೂ ತಿನ್ಲಿ" ಎಂದು ಅನ್ನವನ್ನು ನೀರಿಗೆ ಬಿಟ್ಟ. ಕೈ ತೊಳೆದು ಬಂದು, "ಚಟ್ನಿ ನೀನು ಎಸೆಯಲಿಲ್ಲ ಅಲ್ವಾ? ಇನ್ನು ಕೊಡು" ಎಂದ. ಕೊಟ್ಟೆ. ಅದನ್ನು ಅನ್ನಕ್ಕೆ ಕಲಸಿ ಉಣ್ಣುತ್ತ, ಅಮ್ಮನ ಕೈರುಚಿ ಇವಳಿಗೆ ಬಂದಿದೆ ನೋಡು, ಮನೆಯಲ್ಲಿ ಒಬ್ಬಳಿಗಾದರೂ ಉಳಿಯಿತು ಎಂದ. ನಾನು ಎದ್ದು ಹೋಗಿ ತಣ್ಣನೆಯ ಕೋಣೆಯಲ್ಲಿ ಕೋಸುಗಳ ನಡುವೆ ನಿಂತು ಅತ್ತೆ.

ಆಮೇಲೆ ಅವನಿಗೆ ಒಂದೇ ಚಿಂತೆ. "ಅವಳಿಗೆ ಅಜ್ಜಿ ಅಂದ್ರೆ ಜೀವ. ರಾತ್ರಿ ಅಜ್ಜಿಯ ಹತ್ತಿರವೇ ಮಲಗುದು. ಪಾಪ, ಹೇಗೆ ಉಂಟೋ. ಸಿಗ್ನಲ್ ಬಂದ ಕೂಡ್ಲೇ ಮೊದ್ಲು ಅವಳಿಗೆ ಫೋನು."

ಸಿಂಗಾಪುರದಲ್ಲಿ ಅವನನ್ನು ಕರೆದೊಯ್ಯುವ ದೋಣಿ ಬಂದ ಮೇಲೆ ಕ್ಯಾಪ್ಟನ್ ಕ್ಯಾಬಿನ್ನಿಗೆ ಕರೆದು ಹೇಳುವುದೆಂದು ನಿಶ್ಚಯವಾಗಿತ್ತು. ಆದರೆ ದೋಣಿಗಿಂತ ಮೊದಲು ಸಿಗ್ನಲ್ ಬಂತು. ದಡ ಕಂಡದ್ದೇ ತಡ, ಎಲ್ಲರೂ ಫೋನ್ ಹಿಡಿದು ಡೆಕ್ಕಿಗೆ ಓಡಿದರು. ನಾನು ಒಲೆ ಆರಿಸಿ ಓಡಿ ಅವನನ್ನು ಮುಟ್ಟುವಷ್ಟರಲ್ಲಿ ಮಗಳ ನಂಬರಿಗೆ ವೀಡಿಯೊ ಕಾಲ್ ಹೋಗಿತ್ತು. ಮೊದಲು ಛಾವಣಿಯ ಫ್ಯಾನು ಕಂಡಿತು, ಆಮೇಲೆ ದಿಂಬು, ಅದರ ಮೇಲೆ ಅವನ ತಾಯಿಯ ಮುಖ. ಮೊಮ್ಮಗಳ ಫೋನನ್ನು ಮುದುಕಿ ತಲೆದಿಂಬಿನ ಅಡಿಯಲ್ಲಿ ಇಟ್ಟುಕೊಂಡಿದ್ದರು. ಹಡಗು ಬಂದರಿಗೆ ಬಂದಿದೆ, ಮಗನಿಗೆ ಎಲ್ಲ ತಿಳಿಸಿದ್ದಾರೆ ಎಂದೇ ಅವರು ನಂಬಿದ್ದರು.

"ಅಯ್ಯೋ ಮಗಾ, ತಲೆ ಎಂತಕ್ಕೆ ಬೋಳಿಸಿದ್ದು?" ಎಂದು ಅಳತೊಡಗಿದರು. "ಮಗಳು ಹೋದ್ರೆ ಅಪ್ಪ ತಲೆ ಬೋಳಿಸ್ಲಿಕ್ಕೆ ಉಂಟಾ?"

ಅವನು ಫೋನನ್ನು ಕೆಳಗಿಳಿಸಲಿಲ್ಲ. ತಿರುಗಿ ನನ್ನನ್ನು ನೋಡಿದ. ನಾನು ಅವನ ಅಂಗಿಯನ್ನು ಹಿಂದಿನಿಂದ ಗಟ್ಟಿಯಾಗಿ ಹಿಡಿದುಕೊಂಡಿದ್ದೆ.

"ನೀನು ಒಗ್ಗರಣೆ ಹಾಕದ್ದು ಅವಳಿಗಾ?" ಎಂದು ಕೇಳಿದ.

ಹೌದು ಎಂದೆ.