ಅವಳ ಎದುರು ನಾನು ಬಾಯಿ ಮುಚ್ಚಿಕೊಂಡು ಕೂತದ್ದು

ನಾನು ಮಳವಳ್ಳಿಯ ಆಸ್ಪತ್ರೆಗೆ ಬಂದಾಗ ಎರಡನೇ ಮಹಾಯುದ್ಧ ಇನ್ನೂ ಮುಗಿದಿರಲಿಲ್ಲ. ಬೆಂಗಳೂರಿನಲ್ಲಿ ಮನೋರೋಗಿಗಳ ನಡುವೆ ಒಂದು ವರ್ಷ ಕಲಿತು ಬಂದಿದ್ದೆ. ಬರೀ ಮಾತಿನಿಂದಲೇ ಮನಸ್ಸಿನ ರೋಗ ವಾಸಿ ಮಾಡುತ್ತೇನೆಂಬ ಜಂಬ ಬೇರೆ. ಊರಿನವರು ನನಗೆ ಹುಚ್ಚಿನ ಡಾಕ್ಟ್ರು ಅಂತ ಹೆಸರಿಟ್ಟರು.

‘ರೋಗಿಯನ್ನು ಮನೆಯವರಿಂದ ದೂರ ಕೂರಿಸು, ನೀನು ಬಾಯಿ ಬಿಡಬೇಡ, ನಿನ್ನ ಮೌನವೇ ಅವರನ್ನು ಮಾತಾಡಿಸುತ್ತದೆ’ ಎಂದು ಅಲ್ಲಿ ಕಲಿಸಿದ್ದರು. ನನಗದು ವೇದವಾಕ್ಯ.

ಬಂಡೂರಿನ ಕಡೆಯ ಒಬ್ಬ ಹೆಂಗಸು ಸೊಸೆಯನ್ನು ಕರೆತಂದರು. ಹುಡುಗಿಗೆ ಹತ್ತೊಂಬತ್ತಿರಬಹುದು. ಏನು ಕೇಳಿದರೂ ಅತ್ತೆಯದೇ ಉತ್ತರ.

“ಅವ್ಳುನ್ನೇನ್ ಕೇಳೀರಿ, ನಾನ್ ಯೋಳ್ತೀನಿ. ಜರ ಬಂದಿದ್ ಕೂಸ್ಗೆ ತಲೆಗ್ ನೀರ್ ಉಯ್ದ್ಳು. ಮೂರ್ ದಿನ್ಕೆ ಕೂಸ್ ಓಯ್ತು. ಆಗ್ಲಿಂದ ಬಾಯೇ ಬುಟ್ಟಿಲ್ಲ ಕಣಪ್ಪ. ಉಗಾದಿ ಒಳ್ಗೆ ಸರಿ ಓಗ್ದಿದ್ರೆ ತವ್ರುಗ್ ಬುಟ್ಬುಡ್ತೀವಿ. ಮಗಂಗೆ ಬೇರೆ ಎಣ್ ನೋಡಿವ್ನಿ.”

ಯುಗಾದಿಗೆ ನಾಲ್ಕು ವಾರವಿತ್ತು. ನಾಲ್ಕು ವಾರದಲ್ಲಿ ಅವಳು ಮಾತಾಡದಿದ್ದರೆ ಅವಳ ಸಂಸಾರ ಮುಗಿದಂತೆ.

ಅತ್ತೆಯನ್ನು ಜಗಲಿಗೆ ಕಳಿಸಿದೆ. ಹುಡುಗಿ ಗೋಡೆಗೊರಗಿ ನೆಲದ ಮೇಲೆ ಕೂತಳು, ನಾನು ಕುರ್ಚಿಯಲ್ಲಿ. ಅರ್ಧ ಗಂಟೆ ಇಬ್ಬರೂ ಸುಮ್ಮನೆ. ಮುಂದಿನ ವಾರವೂ ಅಷ್ಟೇ. ಔಷಧಿ ಕಟ್ಟಿಕೊಡುವ ಮುದುಕ ಕಾಂಪೌಂಡರು ತಡೆಯಲಾರದೆ ಕೇಳಿಯೇ ಬಿಟ್ಟರು: “ಅಲ್ಲ ಸ್ವಾಮಿ, ಇಬ್ರೂ ಬಾಯ್ ಮುಚ್ಕಂಡ್ ಕುಂತ್ರೆ ಕಾಯ್ಲೆ ವಾಸಿ ಆದದಾ?”

“ನಿಮಗೆ ಇದೆಲ್ಲ ಅರ್ಥ ಆಗಲ್ಲ, ನೀವು ಪೊಟ್ಟಣ ಕಟ್ಟಿ” ಅಂದೆ. ಎಂಥ ಕೊಬ್ಬು ನನಗೆ!

ಮೂರನೇ ವಾರ ಅವಳು ತಲೆಯೆತ್ತಿದಳು.

“ನೀವೂ ಮಾತ್ ಬುಟ್ರಾ ಸ್ವಾಮಿ? ಕೂಸ್ ಓದ್ ದಿನ್ದಿಂದ ಮನೇಲಿ ಯಾರೂ ನನ್ ಮಾತಾಡ್ಸಾಕಿಲ್ಲ. ಮುದ್ದೆ ಇಕ್ಕಿ ತಟ್ಟೆ ತಳ್ತಾರೆ, ಅಷ್ಟೇಯ. ನೀವಾದ್ರೂ ಯೋಳಿ, ನಾನೇ ಸಾಯಿಸ್ದ್ನಾ?”

ನಮ್ಮ ಕಡೆ ಮಾತು ಬಿಡುವುದೆಂದರೆ ಹೊಡೆತಕ್ಕಿಂತ ದೊಡ್ಡ ಶಿಕ್ಷೆ. ಅನ್ನ ಹಾಕುತ್ತಾರೆ, ಕೆಲಸ ಮಾಡಿಸುತ್ತಾರೆ, ಮುಖ ನೋಡಿ ಮಾತಾಡುವುದಿಲ್ಲ. ನಾನೇನು ಪರದೇಶದವನೇ? ಬದುವಿನ ಜಗಳಕ್ಕೆ ನಮ್ಮಪ್ಪನೂ ಚಿಕ್ಕಪ್ಪನೂ ಒಂದೇ ಸೂರಿನಡಿ ಮಾತು ಬಿಟ್ಟು ಬದುಕಿದ್ದನ್ನು ಕಂಡೇ ಬೆಳೆದವನು. ಆದರೂ ನನ್ನ ಮೌನವೂ ಅವಳಿಗೆ ಅದೇ ಶಿಕ್ಷೆಯೆಂದು ಹೊಳೆಯಲಿಲ್ಲ.

ಹೊಳೆದದ್ದು ಬೇರೆ. ಗೆದ್ದೆ, ಬಾಯಿ ಬಿಟ್ಟಳು, ಈಗ ನಡುವೆ ಮಾತಾಡಿದರೆ ಎಲ್ಲ ಕೆಡುತ್ತದೆ! ಗೋಡೆ ನೋಡುತ್ತಾ ಕೂತೆ. ಅವಳು ಕಾದಳು. ಬಹಳ ಹೊತ್ತು ಕಾದಳು. ಆಮೇಲೆ ಸೆರಗು ಎಳೆದುಕೊಂಡು ಎದ್ದು ಹೋದಳು.

ಥೂ, ನನ್ನ ಜನ್ಮಕ್ಕಿಷ್ಟು! ಇವತ್ತಿಗೂ ಯಾರೇ ಬಂದರೂ ‘ಬನ್ನಿ, ಊಟ ಆಯ್ತಾ’ ಎಂದು ನಾನೇ ಮೊದಲು ಮಾತಾಡಿಸುತ್ತೇನೆ. ನನ್ನ ಚಿಕಿತ್ಸೆ ಶುರುವಾಗುವುದೇ ಅಲ್ಲಿಂದ. ಅವಳಿಗೆ ಅದು ಬೇಕಾದ ಹೊತ್ತಿಗೆ ಸಿಗಲಿಲ್ಲ.

ನಾಲ್ಕನೇ ವಾರ ಅವರು ಬರಲಿಲ್ಲ. ಯುಗಾದಿ ಕಳೆದ ಮೇಲೆ ಅತ್ತೆ ಮಂಡಿನೋವೆಂದು ಒಬ್ಬರೇ ಬಂದರು. “ನಿಡಘಟ್ಟದಾಗೆ ಅವ್ರವ್ವನ ಮನೇಲಿ ಬುಟ್ ಬಂದೋ” ಅಂದರು.

ಮರುದಿನವೇ, ಪೆಟ್ರೋಲ್ ಸಿಗದ ಆ ದಿನಗಳಲ್ಲಿ ಓಡುತ್ತಿದ್ದ ಇದ್ದಿಲು ಗ್ಯಾಸಿನ ಬಸ್ಸು ಹತ್ತಿ ಮದ್ದೂರಿಗೆ ಹೋಗಿ, ಅಲ್ಲಿಂದ ನಿಡಘಟ್ಟ ಸೇರಿದೆ. ಹುಡುಗಿ ಮೊರದಲ್ಲಿ ರಾಗಿ ಆರಿಸುತ್ತಿದ್ದಳು. ನಾನು ಈ ಸಲ ನೆಲದ ಮೇಲೆಯೇ ಕೂತೆ.

“ಊಟ ಆಯ್ತೇನಮ್ಮ? ಕೂಸು ಹೋದದ್ದು ನೀನು ನೀರು ಹಾಕಿದ್ದಕ್ಕಲ್ಲ. ಜ್ವರದಿಂದ ಹೋಯಿತು. ನೀನು ಸಾಯಿಸಲಿಲ್ಲ ಕಣಮ್ಮ.”

ಮೊರದಿಂದ ಅವಳು ಕಣ್ಣೆತ್ತಲಿಲ್ಲ. ಗಂಟಲು ಒಣಗುವವರೆಗೆ ಅದನ್ನೇ ಹೇಳಿದೆ, ಕೈಮುಗಿದೆ. ರಾಗಿಯಿಂದ ಕಲ್ಲು ತೆಗೆದು ಪಕ್ಕಕ್ಕಿಡುತ್ತಲೇ ಇದ್ದಳು.

ಅವಳ ತಾಯಿ ನನ್ನನ್ನು ಬಾಗಿಲವರೆಗೆ ಕಳಿಸಲು ಬಂದರು. “ನಮ್ ಕೂಟೆ ಒಂದೊಂದ್ ಮಾತ್ ಆಡ್ತಾಳೆ ಸ್ವಾಮಿ. ನಿಮ್ನ ಕಂಡ್ರೆ ಯಾಕಿಂಗೆ?”

ಯಾಕೆಂದು ನನಗೆ ಗೊತ್ತಿತ್ತು. ಆ ತಾಯಿಗೆ ಅದನ್ನು ಹೇಳಲು ನನಗೆ ಬಾಯಿ ಬರಲಿಲ್ಲ.