ಗಾಳಿ ಬರುವ ಕಡೆ

ಜನವರಿ ಆರು, ಮಂಗಳವಾರ. ಕೋಲಾರದಲ್ಲಿ ದಟ್ಟ ಮಂಜು. ಬಿಡದ ಕೆಮ್ಮಿಗೆ ಎಕ್ಸ್‌ರೇ ತೆಗೆಸಿ ಡಾಕ್ಟರಮ್ಮನ ಎದುರು ಕೂತಿದ್ದೆ. ಕಲ್ಲಿನ ಧೂಳು ಎದೆಯಲ್ಲಿ ಕೂತರೆ ಮದ್ದಿಲ್ಲ ಎಂದು ಶಿವಾರಪಟ್ಟಣದಲ್ಲಿ ವಿಗ್ರಹ ಕೆತ್ತುವ ನಮಗೆಲ್ಲ ಗೊತ್ತು. ಡಾಕ್ಟರಮ್ಮ ಫಿಲ್ಮನ್ನು ಕಿಟಕಿಗೆ ಹಿಡಿದು ನೋಡುತ್ತಲೇ ಇದ್ದರು.

"ಎದೆ ಚೆನ್ನಾಗಿದೆ ಕಣ್ರೀ. ನಿಜವಾಗ್ಲೂ ಕಲ್ಲು ಕೆತ್ತೋರಾ ನೀವು?"

"ಚಿಕ್ಕಂದಿನಿಂದ ಅಪ್ಪನ ಜೊತೇಲಿ ಕೆತ್ತಿದೀನಿ ಮೇಡಂ."

"ಮತ್ತೆ ಧೂಳು?"

ಆಗ ಹೊಳೆಯಿತು. ಅಪ್ಪ ನನ್ನನ್ನು, ಆಮೇಲೆ ನನ್ನ ಮಗನನ್ನೂ, ಗಾಳಿ ಬರುವ ಕಡೆಗೇ ಕೂರಿಸುತ್ತಿದ್ದ. "ಲೇ, ಈ ಕಡೆ ನೆರಳಿದೆ ಕಣೋ," ಅನ್ನುತ್ತಿದ್ದ. ನಮ್ಮ ಉಳಿಯ ಧೂಳೆಲ್ಲ ಎದುರಿಗೆ ಕೂತ ಅವನ ಮುಖಕ್ಕೆ ಹೋಗುತ್ತಿತ್ತು. ಇದನ್ನು ಹೇಳಿದೆ.

ಡಾಕ್ಟರಮ್ಮ ಫಿಲ್ಮ್ ಕೆಳಗಿಟ್ಟರು. "ಅವರು ಹೇಗಿದ್ದಾರೆ?"

"ಉಸಿರು ಸಿಗದೆ ಹೋದ ಮೇಡಂ. ಕೊನೇ ವರ್ಷವೆಲ್ಲ ಗೋಡೆಗೆ ಒರಗಿ, ಕೂತೇ ನಿದ್ದೆ ಮಾಡಿದ."