ಮಂಡಕ್ಕಿ ಅಂದರೆ ಬರೀ ಗಾಳಿ

ನನಗೆ ನನ್ನ ಹೊಟ್ಟೆಯ ಮೇಲೆ ಮೊದಲಿನಿಂದಲೂ ಪೂರ್ತಿ ನಂಬಿಕೆ ಇಲ್ಲ. ಒಳಗೆ ಏನು ನಡೆಸಿದೆ ಎಂದು ಅದು ಎಂದೂ ಬಾಯಿಬಿಟ್ಟು ಹೇಳಿದ್ದಿಲ್ಲ. ಆಗಾಗ ಗುಡುಗುಡು ಅನ್ನುತ್ತದೆ, ಅಷ್ಟೆ. ಬಿಸಿ ರೊಟ್ಟಿ, ಎಣ್ಣೆಗಾಯಿ ಬದನೆ, ಗಟ್ಟಿ ಮೊಸರು, ಕೊಟ್ಟದ್ದನ್ನೆಲ್ಲ ಒಂದೇ ಕತ್ತಲೆಗೆ ತಳ್ಳಿ, ನಾಲ್ಕು ತಾಸಾಗುವುದರೊಳಗೆ ಏನೂ ಕೊಟ್ಟೇ ಇಲ್ಲವೆಂಬಂತೆ ಮತ್ತೆ ತಕರಾರು ತೆಗೆಯುತ್ತದೆ. ಕೊಟ್ಟದ್ದು ಎಲ್ಲಿ ಹೋಯಿತು ಎಂದು ಕೇಳಿದರೆ ಉತ್ತರವಿಲ್ಲ. ಇಂಥ ಸ್ವಭಾವದ ಮನುಷ್ಯನನ್ನು ನಮ್ಮ ಕಡೆ ಯಾರೂ ಕಟ್ಟೆಯ ಮೇಲೂ ಕೂರಿಸಿಕೊಳ್ಳುವುದಿಲ್ಲ. ನಾನು ಮಾತ್ರ ಐವತ್ತು ದಾಟಿದರೂ ಅದನ್ನು ಹೊತ್ತುಕೊಂಡು ತಿರುಗುತ್ತಿದ್ದೇನೆ.

ಅನುಮಾನ ನನ್ನ ಹುಟ್ಟುಗುಣವೂ ಹೌದು, ಕಸುಬೂ ಹೌದು. ನಾನು ಮುನಿರಾಬಾದಿನಲ್ಲಿ ನೀರಾವರಿ ಇಲಾಖೆಯ ನೌಕರ. ನದಿಯಿಂದ ಎಷ್ಟು ಬಂತು, ಕಾಲುವೆಗೆ ಎಷ್ಟು ಬಿಟ್ಟೆವು, ಬಿಸಿಲು ಎಷ್ಟು ಕುಡಿಯಿತು ಎಂದು ದಿನವೂ ಕೇಳಿಕೊಳ್ಳುವವರ ನಡುವೆ ಕೂತವನು. ಹಾಗಾಗಿ ನನ್ನ ದೇಹವನ್ನೂ ನಾನು ಒಂದು ಅಣೆಕಟ್ಟು ಎಂದೇ ತಿಳಿದಿದ್ದೇನೆ. ಬಂದದ್ದಕ್ಕಿಂತ ಬಿಟ್ಟದ್ದು ಕಡಿಮೆಯಾದರೆ ಹಿನ್ನೀರು ಏರಲೇಬೇಕು. ನನ್ನ ಹಿನ್ನೀರು ಏರಿ ಅಂಗಿಯ ಗುಂಡಿಗಳನ್ನು ಮುಟ್ಟಿ ಬಹಳ ಕಾಲವಾಯಿತು. ಆದರೆ ಅಣೆಕಟ್ಟಿಗೆ ಗೇಟು ಇದೆ, ತಿರುಗಿಸಿದರೆ ನೀರು ಹೊರಗೆ ಬರುತ್ತದೆ. ಹೊಟ್ಟೆಯ ಗೇಟನ್ನು ಯಾವ ಎಂಜಿನಿಯರು ಎಲ್ಲಿ ಇಟ್ಟಿದ್ದಾನೋ ನನಗೆ ಇನ್ನೂ ಸಿಕ್ಕಿಲ್ಲ.

ಈ ಹಳೆಯ ಅನುಮಾನಕ್ಕೆ ರೆಕ್ಕೆಪುಕ್ಕ ಬಂದದ್ದು ಕೊಪ್ಪಳದ ಡಾಕ್ಟರೊಬ್ಬರ ಮುಂದೆ ಕೂತಾಗ. ಮೊಣಕಾಲು ನೋವಿಗೆಂದು ಹೋದವನ ರಕ್ತ ತೆಗೆದು ನೋಡಿ ಅವರು ಹೇಳಿದರು: "ಗಡಿ ಮ್ಯಾಲ ನಿಂತೀರಿ ನೋಡ್ರಿ. ಸಕ್ಕರಿ ಏರೈತಿ. ಇನ್ನೊಂದು ಹೆಜ್ಜಿ ಆಚೀಗೆ ಇಟ್ರ ಗುಳಿಗಿ ಶುರು. ಅನ್ನ ಬಿಡ್ರಿ, ರೊಟ್ಟಿ ತಿನ್ರಿ, ನಡದಾಡ್ರಿ. ಮೂರು ತಿಂಗಳು ನೋಡೂಣು."

ಪಕ್ಕದಲ್ಲಿ ಕೂತಿದ್ದ ನನ್ನ ಹೆಂಡತಿ ನೀಲಮ್ಮನ ಮುಖ ಬಿಳಿಚಿಕೊಂಡಿತು. ನನಗೆ ಮಾತ್ರ ಮೊದಲು ಬಂದದ್ದು ಸಿಟ್ಟು. ಏಕೆಂದರೆ ನಾನು ರೊಟ್ಟಿಯ ಮನುಷ್ಯ. ಯಲಬುರ್ಗಾ ಕಡೆಯ ಎರೆಹೊಲದ ಬಿಳಿಜೋಳ ತಿಂದು ಬೆಳೆದವನು. ನೀಲಮ್ಮ ಸಿದ್ದಾಪುರದವಳು, ಎಡದಂಡೆ ಕಾಲುವೆಯ ನೀರು ಕುಡಿದ ಗದ್ದೆಯವಳು, ಮೂರು ಹೊತ್ತೂ ಅನ್ನ ಉಂಡವಳು. "ರೊಟ್ಟಿ ತಿಂದ್ರ ರಟ್ಟಿ ಗಟ್ಟಿ" ಎಂದು ನನ್ನ ತಾಯಿ ಇವಳ ಮುಂದೆ ಹಾಡಿದ್ದೇ ಹಾಡಿದ್ದು. "ಅನ್ನ ಉಂಡವ ಎದ್ದು ಕೈ ತೊಳಿಯೂದ್ರಾಗ ಮತ್ತ ಹಸಿದಿರ್ತಾನವಾ" ಎಂದು ಬೇರೆ ಚುಚ್ಚುತ್ತಿದ್ದಳು. ಈಗ ನೋಡಿದರೆ ಅನ್ನದವಳ ಸಕ್ಕರೆ ನೆಟ್ಟಗಿದೆ, ರೊಟ್ಟಿಯವನದು ಗಡಿ ದಾಟಲು ನಿಂತಿದೆ. ನನಗೆ ಡಾಕ್ಟರ ಮೇಲೆ, ಅವರ ಯಂತ್ರದ ಮೇಲೆ, ಸೂಜಿ ಚುಚ್ಚಿದ ಹುಡುಗಿಯ ಮೇಲೆ ಅನುಮಾನ ಬಂತು. ಸೀಸೆ ಅದಲುಬದಲಾಗಿರಬಹುದು ಎಂದೆ. ನೀಲಮ್ಮ ಬಸ್ಸಿನಲ್ಲಿ ಮುನಿರಾಬಾದ್ ಬರುವವರೆಗೂ ನನ್ನ ಕಾಲನ್ನೇ ನೋಡುತ್ತ ಕೂತಿದ್ದಳು.

ಅದಕ್ಕೆ ಕಾರಣವಿತ್ತು. ಅವಳ ತಂದೆಗೆ ಸಕ್ಕರೆ ಕಾಯಿಲೆ ಇತ್ತು. ಕಾಲಿನ ಬೆರಳಿನಲ್ಲಿ ಶುರುವಾದ ಹುಣ್ಣಿಗೆ ಕೊನೆಗೆ ಮೊಣಕಾಲಿನವರೆಗೂ ಕಾಲು ಕತ್ತರಿಸಬೇಕಾಯಿತು. ಗದ್ದೆಯ ಬದುವಿನ ಮೇಲೆ ಎಲ್ಲರಿಗಿಂತ ಮುಂದೆ ನಡೆಯುತ್ತಿದ್ದ ಮನುಷ್ಯ ಕೊನೆಗೆ ಹೊರಸಿನ ಮೇಲೆ ಕೂತು, "ಒಂದ್ ತುತ್ತು ಅನ್ನ ಹಾಕವಾ" ಎಂದು ಮಗಳನ್ನು ಕೇಳುತ್ತಿದ್ದನಂತೆ. ಇದನ್ನು ಅವಳು ನನಗೆ ಒಮ್ಮೆ ಮಾತ್ರ ಹೇಳಿದ್ದಾಳೆ. ಆದರೆ ಡಾಕ್ಟರನ್ನು ಕಂಡು ಬಂದ ದಿನದಿಂದ ಅವಳು ನನ್ನ ಕಾಲನ್ನು ನೋಡುವ ರೀತಿಯೇ ಬೇರೆಯಾಯಿತು. ಚಪ್ಪಲಿ ಬಿಟ್ಟು ಒಳಗೆ ಬಂದರೆ ಮೊದಲು ಪಾದ ನೋಡುತ್ತಾಳೆ, ಆಮೇಲೆ ಮುಖ.

ಮನೆಯಲ್ಲಿ ಮರುದಿನದಿಂದಲೇ ಕುಕ್ಕರಿನ ಸೀಟಿ ನಿಂತಿತು. ಎರಡು ಹೊತ್ತೂ ರೊಟ್ಟಿ, ಪುಂಡಿಪಲ್ಯ, ಬೇಳೆ, ಸೌತೆಕಾಯಿ. ಜೊತೆಗೆ ಪೊಲೀಸ್ ಪಹರೆ. ಕಚೇರಿಯಿಂದ ಬಂದ ಕೂಡಲೇ ಅಂಗಿಯ ವಾಸನೆ ನೋಡುವುದು, ಎಣ್ಣೆ ಕಲೆ ಹುಡುಕುವುದು, "ಮದ್ವಿಗೆ ಹೋಗಿದ್ರಲ್ಲ, ಎಷ್ಟು ಹುಗ್ಗಿ ಉಂಡ್ರಿ?" ಎಂದು ಅಡ್ಡಪ್ರಶ್ನೆ ಹಾಕುವುದು. ನಡೆದದ್ದನ್ನು ತಿಳಿಯಲು ಮೊಬೈಲಿನಲ್ಲಿ ಹೆಜ್ಜೆ ಎಣಿಸುವ ಏರ್ಪಾಡೂ ಆಯಿತು. ಆ ಮೊಬೈಲಿನ ಮೇಲೂ ನನಗೆ ವಿಶ್ವಾಸವಿಲ್ಲ. ಒಮ್ಮೆ ಗಂಗಾವತಿಯ ದಾರಿಯಲ್ಲಿ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಹೋಗಿದ್ದೆ. ತಗ್ಗುದಿನ್ನೆಗೆ ಕುಲುಕಿದ್ದನ್ನೆಲ್ಲ ಅದು ನಡಿಗೆ ಎಂದು ಬರೆದುಕೊಂಡು ಸಂಜೆ ನನಗೆ ಶಭಾಷ್ ಹೇಳಿತು. ನಾನೂ ಬೇಡ ಅನ್ನಲಿಲ್ಲ.

ಶತ್ರುವನ್ನು ತಿಳಿಯದೆ ಕಾಳಗಕ್ಕೆ ಇಳಿಯಬಾರದೆಂದು ದೇಹದ ಒಳಗುಟ್ಟನ್ನು ಸ್ವಲ್ಪ ಓದಿದೆ. ಓದಿದಷ್ಟೂ ಅನುಮಾನ ಹೆಚ್ಚಾಯಿತು. ರೊಟ್ಟಿಯ ಒಂದು ಚೂರನ್ನು ನುಂಗದೆ ಅಗಿಯುತ್ತಲೇ ಇರಿ, ಸ್ವಲ್ಪ ಹೊತ್ತಿಗೆ ಬಾಯಿ ಸಿಹಿಯಾಗುತ್ತದೆ. ಅಂದರೆ ಸಕ್ಕರೆ ಮಾಡುವ ಕೆಲಸ ಹೊಟ್ಟೆಗಿಂತ ಮೊದಲು ಎಂಜಲೇ ಶುರುಮಾಡಿರುತ್ತದೆ. ಅಷ್ಟು ಗಟ್ಟಿಯಾದ, ಅಷ್ಟು ಮಾನವಂತ ಜೋಳವೂ ಒಳಗೆ ಹೋಗಿ ಕೊನೆಗೆ ಸಕ್ಕರೆಯೇ ಆಗುತ್ತದಂತೆ! ಅಕ್ಕಿ ಓಡುತ್ತ ಹೋಗಿ ಆಗುತ್ತದೆ, ಜೋಳ ಸಾವಕಾಶ ಹೋಗಿ ಆಗುತ್ತದೆ, ವ್ಯತ್ಯಾಸ ಅಷ್ಟೆ. ಇದನ್ನು ನನ್ನ ತಾಯಿಗೆ ಹೇಳುವ ಧೈರ್ಯ ನನಗೆ ಇಂದಿಗೂ ಇಲ್ಲ.

ಆಮೇಲೆ ಆ ಸಕ್ಕರೆ ರಕ್ತಕ್ಕೆ ಇಳಿದು ಊರೂರು ತಿರುಗುತ್ತದೆ. ಇನ್ಸುಲಿನ್ ಎಂಬ ಕೀಲಿ ತಿರುಗಿದ ಮನೆಗಳಲ್ಲಿ ಮಾತ್ರ ಅದಕ್ಕೆ ಪ್ರವೇಶ. ಕೀಲಿ ಜಂಗು ಹಿಡಿದರೆ ಸಕ್ಕರೆ ಓಣಿಯಲ್ಲೇ ನಿಲ್ಲುತ್ತದೆ, ಅದೇ ನನ್ನ ರೋಗ. ಮಿಕ್ಕದ್ದನ್ನು ಪಿತ್ತಜನಕಾಂಗ ಅಷ್ಟಿಷ್ಟು ಕಟ್ಟಿಡುತ್ತದೆ. ಅಲ್ಲಿಯೂ ಹಿಡಿಸದಿದ್ದರೆ ಬೊಜ್ಜು. ಇನ್ನೊಂದು ಸಂಗತಿ ಕೇಳಿ. ಸುಮ್ಮನೆ ಮಲಗಿದವನ ದೇಹವೂ ಉರಿಯುತ್ತಲೇ ಇರುತ್ತದೆ. ಎದೆ ಬಡಿಯಬೇಕು, ಉಸಿರು ಆಡಬೇಕು, ಮೈ ಬೆಚ್ಚಗಿರಬೇಕು. ಅದರಲ್ಲೂ ಮಿದುಳು ತೂಕದಲ್ಲಿ ಚಿಕ್ಕದಾದರೂ ಉಣ್ಣುವುದರಲ್ಲಿ ದೊಡ್ಡದು. ಸುಮ್ಮನೆ ಕೂತಾಗಿನ ಖರ್ಚಿನಲ್ಲಿ ಐದನೇ ಒಂದು ಪಾಲು ಅದೊಂದಕ್ಕೇ ಬೇಕಂತೆ. ಇದನ್ನು ಓದಿ ನನಗೆ ಬಹಳ ಸಮಾಧಾನವಾಯಿತು. ದಿನವಿಡೀ ಎಲ್ಲರ ಮೇಲೆ ಅನುಮಾನ ಪಡುವವನ ಮಿದುಳು ಎಷ್ಟು ಉರಿದಿರಬೇಕು! ನಡೆಯುವ ಅಗತ್ಯವೇ ಇಲ್ಲ ಎಂದುಕೊಂಡೆ. ಆದರೆ ಮಿದುಳು ಎಷ್ಟು ಹೆಣಗಿದರೂ ಅದರ ಖರ್ಚು ಹೆಚ್ಚೇನೂ ಏರುವುದಿಲ್ಲ ಎಂದು ಮುಂದಿನ ಪುಟದಲ್ಲೇ ಇತ್ತು. ಅಲ್ಲಿಗೆ ಓದುವುದನ್ನು ನಿಲ್ಲಿಸಿದೆ.

ಒಂದು ತಿಂಗಳು ಕಳೆದ ಮೇಲೆ ಮತ್ತೆ ರಕ್ತ ಕೊಟ್ಟು ಬಂದೆವು. ಸಕ್ಕರೆ ಕೂದಲೆಳೆಯಷ್ಟೂ ಇಳಿದಿರಲಿಲ್ಲ. ಡಾಕ್ಟರು ನನ್ನನ್ನು ನೋಡಿದರು, ನೀಲಮ್ಮ ನನ್ನನ್ನು ನೋಡಿದಳು, ನಾನು ಯಂತ್ರವನ್ನು ನೋಡಿದೆ. "ಅನ್ನ ಒಂದ್ ಅಗಳು ಮುಟ್ಟಿಲ್ರಿ, ನಮ್ಮವ್ವನಾಣಿ" ಎಂದೆ. ಅದು ಖರೆಯೂ ಆಗಿತ್ತು.

ಇಲ್ಲಿ ನಾನು ನಿಮಗೊಂದು ಮಾತು ಹೇಳಬೇಕು, ನೀಲಮ್ಮನಿಗೆ ಹೇಳದೇ ಇದ್ದದ್ದು. ಬೆಳಿಗ್ಗೆ ಕಚೇರಿಗೆ ಹೋಗುವ ದಾರಿಯಲ್ಲಿ ಖಾಜಾಸಾಬನ ಬಂಡಿ ನಿಲ್ಲುತ್ತದೆ. ಅಲ್ಲಿ ಒಗ್ಗರಣಿ-ಮಿರ್ಚಿ. ನಮ್ಮ ಸೀಮೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಉಳಿದವರಿಗೆ ಹೇಳುವುದಾದರೆ, ನೆನೆಸಿ ಹಿಂಡಿದ ಮಂಡಕ್ಕಿಗೆ ಅರಿಶಿನ, ಉಳ್ಳಾಗಡ್ಡಿ, ಪುಟಾಣಿ ಅಂದರೆ ಹುರಿಗಡಲೆಯ ಪುಡಿ ಹಾಕಿ ಒಗ್ಗರಿಸಿದ್ದು, ಮೇಲೆ ಎಣ್ಣೆಯಿಂದ ಈಗಷ್ಟೇ ಎದ್ದ ಮೆಣಸಿನಕಾಯಿ ಬಜ್ಜಿ. ಒಂದು ಪ್ಲೇಟು ನಿಂತೇ ತಿಂದು ಮುಗಿಸಿದವನನ್ನು ಯಾರಾದರೂ "ಊಟ ಆತೇನ್ರಿ?" ಎಂದು ಕೇಳಿದರೆ ಅವನು ಬಾಯಿ ಒರೆಸಿಕೊಂಡು "ಎಲ್ಲಿ ಬಿಡ್ರಿ, ಇನ್ನೂ ಆಗಿಲ್ಲ" ಅನ್ನುತ್ತಾನೆ. ಸುಳ್ಳು ಹೇಳುತ್ತಿಲ್ಲ ಅವನು. ರೊಟ್ಟಿಯ ನಾಡಿನಲ್ಲಿ ರೊಟ್ಟಿ ತಟ್ಟೆಗೆ ಬೀಳದಿದ್ದರೆ ತಿಂದ ಹಾಗಲ್ಲ. ಬಜ್ಜಿ ಬಾಯಿಯ ಚಪಲಕ್ಕೆ, ಚಹಾ ಮಾತಿನ ನೆವಕ್ಕೆ. ಇನ್ನು ಮಂಡಕ್ಕಿಯೋ, ಚೀಲಗಟ್ಟಲೆ ಹೊತ್ತರೂ ತೂಕವಿಲ್ಲದ ಪದಾರ್ಥ, ಬರೀ ಗಾಳಿ. ಗಾಳಿ ತಿಂದು ಯಾರಿಗೆ ಸಕ್ಕರೆ ಬಂದಿದೆ? ನಾನು ಇದನ್ನು ಮುಚ್ಚಿಟ್ಟೆನೆಂದಲ್ಲ. ಡಾಕ್ಟರು ಕೇಳಿದ್ದು ಊಟ, ನಾನು ಹೇಳಿದ್ದೂ ಊಟವೇ.

ಹಾಗಾದರೆ ಸಕ್ಕರೆ ಎಲ್ಲಿಂದ ಬಂತು? ನನ್ನ ಅನುಮಾನ ಒಂದು ದಿನ ಅಡುಗೆಮನೆಯ ಬಾಗಿಲಲ್ಲಿ ನಿಂತುಬಿಟ್ಟಿತು. ಇತ್ತೀಚೆಗೆ ರೊಟ್ಟಿ ವಿಪರೀತ ಬೆಳ್ಳಗೆ ಬರುತ್ತಿತ್ತು, ಮೆತ್ತಗೂ ಇತ್ತು. ಅದೇ ವಾರ ಮಂಚದ ಕೆಳಗೆ ಬಿದ್ದ ಪೆನ್ನು ಹುಡುಕುವಾಗ ಹಳೆಯ ಕೌದಿ ಮುಚ್ಚಿದ ಒಂದು ಚೀಲ ಕಣ್ಣಿಗೆ ಬಿದ್ದಿತ್ತು. ಸಿದ್ದಾಪುರದ ಅವಳ ಅಣ್ಣ ಸುಗ್ಗಿಯಾದ ಮೇಲೆ ಪ್ರತಿವರ್ಷ ಕಳಿಸುವ ಹೊಸ ಅಕ್ಕಿ. ಬಂದದ್ದನ್ನು ಅವಳು ನನಗೆ ಹೇಳಿರಲಿಲ್ಲ. ಯಾಕೆ ಹೇಳಲಿಲ್ಲ? ಯಾಕೆ ಕೌದಿ ಮುಚ್ಚಿದಳು? ಎರಡೂ ಕೂಡಿಸಿದಾಗ ನನಗೆ ಎಲ್ಲ ಹೊಳೆಯಿತು. ಗದ್ದೆಯ ಮನೆಯ ಕೈ ಸುಮ್ಮನಿರಲಾರದೆ ಜೋಳದ ಹಿಟ್ಟಿಗೆ ಅಕ್ಕಿ ಹಿಟ್ಟು ಬೆರೆಸುತ್ತಿದೆ. ನಾನು ಕಚೇರಿಗೆ ಹೋದ ಮೇಲೆ ತಾನು ಬಿಸಿ ಅನ್ನ ಮಾಡಿಕೊಂಡು ಉಣ್ಣುತ್ತಿರಲೂ ಸಾಕು. ನಾನಿಲ್ಲಿ ಸೌತೆಕಾಯಿ ಕಡಿಯುತ್ತಿದ್ದೇನೆ!

ಮರುದಿನ ಮಧ್ಯಾಹ್ನ ಬುತ್ತಿಯ ಡಬ್ಬಿಯನ್ನು ಬಿಚ್ಚದೆ ಎತ್ತಿಕೊಂಡು ಮನೆಗೆ ದಾಳಿಯಿಟ್ಟೆ. ಬಾಗಿಲು ತೆರೆದ ನೀಲಮ್ಮ ಗಾಬರಿಯಾದಳು. "ಯಾಕ್ರಿ, ಅರಾಮಿಲ್ಲೇನು?"

"ಏನಿಲ್ಲ, ಕೂಡಿ ಉಣ್ಣೂಣು ಅಂತ ಬಂದೆ" ಎಂದೆ.

ಮದುವೆಯಾದಾಗಿನಿಂದ ಇಂಥ ಮಾತು ನನ್ನ ಬಾಯಿಂದ ಬಂದಿರಲಿಲ್ಲ. ಅವಳ ಹುಬ್ಬು ಅಲ್ಲಿಗೇ ಮೇಲಕ್ಕೆ ಹೋಯಿತು. ಅಡುಗೆಮನೆಯಲ್ಲಿ ಅವಳ ತಟ್ಟೆ ನೆಲದ ಮೇಲಿತ್ತು. ಅನ್ನ ಇರಲಿಲ್ಲ. ಒಂದು ರೊಟ್ಟಿ, ಅದರಲ್ಲಿ ಕಾಲು ಭಾಗ ಮುರಿದದ್ದು. ಮುರಿದ ಚೂರುಗಳನ್ನು ಪಲ್ಯದ ಸುತ್ತ ಸುಮ್ಮನೆ ಸರಿಸಿಟ್ಟಿದ್ದಳು. ನಾನು ಸೋಲೊಪ್ಪದೆ ಮಂಚದ ಕೆಳಗೆ ಬಗ್ಗಿ ಕೌದಿ ಎಳೆದೆ. ಚೀಲದ ಬಾಯಿಗೆ ಅವಳಣ್ಣ ಹಾಕಿದ ದಾರದ ಹೊಲಿಗೆ ಹಾಕಿದಂತೆಯೇ ಇತ್ತು. ಒಂದು ಹಿಡಿ ಅಕ್ಕಿಯೂ ಹೊರಗೆ ಬಂದಿರಲಿಲ್ಲ.

"ಏನ್ ಹುಡುಕಾಕತ್ತೀರಿ?"

ಬೇರೆ ದಾರಿಯಿಲ್ಲದೆ ಹೇಳಿದೆ. ಅವಳು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನಾನು ಬದುಕುತ್ತಿದ್ದೆ. "ರೊಟ್ಟಿ ಬೆಳ್ಳಗಾಗಿದ್ದು ಹೊಸ ಜ್ವಾಳಕ್ಕರಿ" ಎಂದಳು. ಆಮೇಲೆ ಮಂಚದ ಅಂಚಿಗೆ ಕೂತು ಹೇಳಿದಳು: "ಅನ್ನ ಬೇಯೂ ವಾಸನಿ ಬಂದ್ರ ನೀವು ತಡಕೊಳ್ಳೂದಿಲ್ಲ. ಅದಕ್ಕ ನಾನೂ ಬಿಟ್ಟೀನಿ. ಚೀಲ ಕಂಡ್ರ ನಿಮಗ ಆಸೆ ಆಗ್ತೈತಂತ ಮುಚ್ಚಿಟ್ಟೆ. ನಮ್ಮಪ್ಪ ಕೇಳಿದಾಗೆಲ್ಲ ಬಡಿಸಿದಾಕಿ ನಾನ. ಪಾಪ, ಉಣ್ಲಿ ಅಂತ ಬಡಿಸಿದೆ. ಇನ್ನೊಮ್ಮಿ ನನ್ ಕೈಲೆ ಅದು ಆಗಬಾರದ್ರಿ."

ಅನ್ನವಿಲ್ಲದೆ ಉಂಡಂತಾಗದ ಹೆಣ್ಣು ತಿಂಗಳ ಮೇಲೆ, ತನ್ನ ಮಟ್ಟಿಗೆ, ಉಂಡೇ ಇರಲಿಲ್ಲ. ಅವಳ ಕೊರಳಿನ ಎಲುಬು ಮೊದಲಿಗಿಂತ ಎದ್ದು ಕಾಣುತ್ತಿತ್ತು. ಎಲ್ಲರ ತಟ್ಟೆ, ಎಲ್ಲರ ಯಂತ್ರ ನೋಡಿದ ನಾನು ಅದನ್ನು ನೋಡಿರಲಿಲ್ಲ. ನಿಜ ಹೇಳುತ್ತೇನೆ, ಆ ಕ್ಷಣ ನನಗೆ ನನ್ನ ಮೇಲೆ ಬಹಳ ನಾಚಿಕೆಯಾಯಿತು.

ನಾಚಿಕೆಯಲ್ಲಿ ತಲೆ ತಗ್ಗಿಸಿ ಕೌದಿಯನ್ನು ಮತ್ತೆ ಹೊದಿಸಲು ಬಗ್ಗಿದೆ. ಅಂಗಿಯ ಜೇಬಿನಿಂದ ಏನೋ ನೆಲಕ್ಕೆ ಉದುರಿತು. ಅರಿಶಿನ ಹಚ್ಚಿಕೊಂಡ ಒಂದು ಮಂಡಕ್ಕಿ ಕಾಳು. ನೀಲಮ್ಮ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಳು.

"ಇದೇನ್ರಿ?"

"ಮಂಡಾಳ" ಎಂದೆ. "ಬರೇ ಗಾಳಿ ಅದು."

"ಮಂಡಾಳ ಏನ್ ಗಿಡದಾಗ ಕಾಯಿ ಬಿಡ್ತೈತೇನ್ರಿ? ಅದೂ ನಮ್ಮ ಗದ್ದಿ ಭತ್ತಾನ. ಉಬ್ಬಿಸಿದ್ರ ಅಕ್ಕಿ ಅಕ್ಕಿ ಅಲ್ದ ಹೋಗ್ತೈತೇನು? ದಿನಾ ತಿಂದೀರಿ?"

ಭತ್ತದ ಮನೆಯ ಮಗಳ ಮುಂದೆ ಯಾವ ವಕಾಲತ್ತು ನಡೆಯುತ್ತದೆ? ತಿಂಗಳೆಲ್ಲ ಅನ್ನದ ಒಂದು ಅಗಳು ಮುಟ್ಟದೆ, ಅದೇ ಅಕ್ಕಿಯನ್ನು ಉಬ್ಬಿಸಿದ ಸೋಗಿನಲ್ಲಿ ಪ್ಲೇಟುಗಟ್ಟಲೆ ತಿಂದಿದ್ದೆ, ಎಣ್ಣೆಯ ಜೊತೆಗೆ. ಊಟ ಅನ್ನಿಸಿಕೊಂಡದ್ದಕ್ಕೆ ಮಾತ್ರ ನಾನು ಲೆಕ್ಕ ಇಟ್ಟಿದ್ದೆ. ಹೊಟ್ಟೆ ಹೆಸರು ಕೇಳದೆ ಎಲ್ಲಕ್ಕೂ ಇಟ್ಟಿತ್ತು. ಇಷ್ಟು ವರ್ಷ ನಾನು ಕಳ್ಳ ಎಂದು ಬೈದ ಆ ಹೊಟ್ಟೆ ನಮ್ಮ ಮನೆಯಲ್ಲೇ ಅತ್ಯಂತ ಪ್ರಾಮಾಣಿಕ ನೌಕರನಾಗಿತ್ತು.

ಅಂದಿನಿಂದ ಖಾಜಾಸಾಬನ ಬಂಡಿಯ ಮುಂದೆ ಉಸಿರು ಹಿಡಿದು ದಾಟುತ್ತೇನೆ. ಅವನೂ ಮೊದಮೊದಲು ಅನುಮಾನದಿಂದ ನೋಡಿ, "ಯಾಕ್ರಿ ಸಾಹೇಬ್ರ, ನಮ್ ಮಿರ್ಚಿ ಛಲೋ ಇಲ್ಲೇನ್ರಿ?" ಎಂದ. ಪ್ರತಿ ಭಾನುವಾರ ಇಬ್ಬರೂ ಆನೆಗೊಂದಿಯ ಕಡೆ ಹೋಗಿ ಗುಡ್ಡದ ಬಂಡೆಗಳ ನಡುವೆ ನಡೆಯತೊಡಗಿದೆವು. ಅವಳು ಮುಂದೆ, ನಾನು ಏದುಸಿರು ಬಿಡುತ್ತ ಹಿಂದೆ. ಮೂರು ತಿಂಗಳು ತುಂಬಿದಾಗ ಡಾಕ್ಟರು ಕಾಗದ ನೋಡಿ, ಇನ್ನೊಮ್ಮೆ ನೋಡಿ, "ಇಳದೈತ್ರಿ! ಸದ್ಯಕ್ಕ ಗುಳಿಗಿ ಬ್ಯಾಡ. ಎಂದಾರ ಒಮ್ಮಿ ಒಂದ್ ಹಿಡಿ ಅನ್ನ ಉಂಡ್ರ ಅಡ್ಡಿಯಿಲ್ಲ" ಅಂದರು. ನೀಲಮ್ಮ ಹೊರಗೆ ಬಂದವಳೇ ಸೆರಗಿನಿಂದ ಕಣ್ಣು ಒರೆಸಿಕೊಂಡು, ಬಿಸಿಲಿನ ಧೂಳು ಎಂದಳು. ನಾನು ಆ ಒಂದು ಮಾತನ್ನು ಅನುಮಾನಿಸಲಿಲ್ಲ.

ಮರುದಿನ ಸಂಜೆ ಕಚೇರಿಯಿಂದ ಬಂದು ಚೀಲದ ಹೊಲಿಗೆ ನಾನೇ ಬಿಚ್ಚಿದೆ. ಕುಕ್ಕರು ಬಹಳ ದಿನಗಳ ಮೇಲೆ ಸೀಟಿ ಹೊಡೆಯಿತು. ಹೊಸ ಅಕ್ಕಿಯ ಘಮ ಮನೆಯೆಲ್ಲ ತುಂಬಿತು. ಇಬ್ಬರ ತಟ್ಟೆಯಲ್ಲೂ ಒಂದೊಂದು ಹಿಡಿ ಅನ್ನ, ಮೇಲೆ ಸಾರು. ಮೊದಲ ತುತ್ತು ಬಾಯಿಗೆ ಹೋದ ಕೂಡಲೇ ಅವಳ ಮುಖಕ್ಕೆ ಒಂದು ಕಳೆ ಬಂತು. ಅನ್ನ ಇನ್ನೂ ಗಂಟಲನ್ನೂ ದಾಟಿರಲಿಲ್ಲ. ಸಕ್ಕರೆಯಾಗಿ, ರಕ್ತಕ್ಕಿಳಿದು, ಕೀಲಿ ತಿರುಗುವುದಕ್ಕೆ ಬಹಳ ಹೊತ್ತು ಬೇಕು. ಆ ಕಳೆ ಅಷ್ಟು ಬೇಗ ಎಲ್ಲಿಂದ ಬಂತೋ ನಾನು ಓದಿದ ಯಾವ ಪುಟದಲ್ಲೂ ಇರಲಿಲ್ಲ.

ಇನ್ನೊಂದಿಷ್ಟು ನೋಡಬೇಕೆನ್ನಿಸಿತು. ನನ್ನ ತಟ್ಟೆಯ ಅನ್ನವನ್ನು ಎತ್ತಿ ಅವಳ ತಟ್ಟೆಗೆ ಹಾಕಿದೆ. ಜೀವನದಲ್ಲಿ ಒಂದು ಸಲ, ಯಾವ ಒಳಉದ್ದೇಶವೂ ಇಲ್ಲದೆ.

ನೀಲಮ್ಮನ ಕೈ ಅಲ್ಲೇ ನಿಂತಿತು. ಅನ್ನ ನೋಡಿದಳು, ನನ್ನ ಮುಖ ನೋಡಿದಳು, ಆಮೇಲೆ ಮುಂದಕ್ಕೆ ಬಾಗಿ ನನ್ನ ಅಂಗಿಯ ವಾಸನೆ ತೆಗೆದುಕೊಂಡಳು.

"ಖರೇ ಹೇಳ್ರಿ, ಬರೂಮುಂದ ಎಲ್ಲಿ ತಿಂದು ಬಂದೀರಿ?"